ಹರಳಿನ ಶಾಂಡ್ಲಿಯರ್: ಆಯ್ದುಕೊಳ್ಳುವುದು, ತೂಗುಹಾಕುವುದು, ಒರೆಸುವುದು ಹೇಗೆ?

ಗೋಡೆ ಬಿಳಿ, ಸೋಫಾ ಸಾದಾ, ಕಪಾಟಿಗೆ ಹಿಡಿಕೆ ಕೂಡ ಇಲ್ಲ. ಈಗಿನ ಮನೆಗಳು ಹೀಗೆ ಸರಳವಾಗಿರುವುದರಿಂದಲೇ ಹರಳಿನ ಶಾಂಡ್ಲಿಯರ್, ಅಂದರೆ ಚಾವಣಿಗೆ ಹಾಕುವ ಗೊಂಚಲು ದೀಪ, ಅಲ್ಲಿ ಎದ್ದು ಕಾಣುತ್ತದೆ. ಆದರೆ ಅಂಗಡಿಯಲ್ಲಿ ಝಗಮಗಿಸಿದ ದೀಪ ಮನೆಯಲ್ಲಿ ಮಂಕಾಗಿ ಕಂಡರೆ ಬೇಜಾರಾಗುತ್ತದೆ ಅಲ್ವಾ? ಎಷ್ಟೋ ಸಲ ಅದು ಹರಳಿನ ತಪ್ಪಲ್ಲ, ಬಲ್ಬಿನದು.

ಮೊದಲು ಅಳತೆ. ಕೋಣೆಯ ಉದ್ದ, ಅಗಲವನ್ನು ಅಡಿಗಳಲ್ಲಿ ಕೂಡಿಸಿ. ಬಂದ ಸಂಖ್ಯೆಯಷ್ಟು ಇಂಚು ಅಗಲದ ದೀಪ ಸುಮಾರಾಗಿ ಹೊಂದುತ್ತದೆ. 12 ಅಡಿ, 14 ಅಡಿಯ ಹಾಲ್‌ಗೆ 26 ಇಂಚು. ಜನ ಓಡಾಡುವ ಕಡೆ ದೀಪದ ಕೆಳತುದಿ ನೆಲದಿಂದ ಕನಿಷ್ಠ 7 ಅಡಿ ಮೇಲಿರಲಿ. ಊಟದ ಮೇಜಿನ ಮೇಲಾದರೆ ಮೇಜಿನಿಂದ 30ರಿಂದ 36 ಇಂಚು ಸಾಕು. ತಗ್ಗಿನ ಚಾವಣಿಗೆ ಉದ್ದನೆಯ ಸರಪಳಿ ಬೇಡವೇ ಬೇಡ, ಚಾವಣಿಗೆ ಅಂಟಿ ಕೂರುವ ಮಾದರಿಯನ್ನೇ ನೋಡಿ.

ಇನ್ನು ಹರಳು. ಹೆಸರು ಹರಳಾದರೂ ಅದು ಹೆಚ್ಚಾಗಿ ಕೊರೆದ ಗಾಜೇ. ಇಂಗ್ಲೆಂಡಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ 1674ರಲ್ಲಿ ಹೊಸ ಬಗೆಯ ಗಾಜಿಗೆ ಪೇಟೆಂಟ್ ಪಡೆದರು. ಸೀಸದ ಆಕ್ಸೈಡ್ ಬೆರೆಸಿದ ಗಾಜು ಅಲ್ಲಿ ಬೆಳೆದದ್ದು ಅವರ ಕೆಲಸದಿಂದ. ಸೀಸ ಸೇರಿದರೆ ಗಾಜು ಬೆಳಕನ್ನು ಜಾಸ್ತಿ ಬಾಗಿಸುತ್ತದೆ, ಬಣ್ಣಗಳಾಗಿ ಒಡೆಯುತ್ತದೆ, ಮೆತ್ತಗಿರುವುದರಿಂದ ಮುಖಗಳನ್ನು ಚೂಪಾಗಿ ಕೊರೆಯಲೂ ಬರುತ್ತದೆ. ಕೆ9 ಎಂದು ಮಾರುವುದು ಸಾಮಾನ್ಯವಾಗಿ ಸೀಸವಿಲ್ಲದ ಗಾಜು. ಹೊಳಪು ಸ್ವಲ್ಪ ಕಡಿಮೆ, ಆದರೂ ಕೊರೆತ ಚೆನ್ನಾಗಿದ್ದರೆ ಮನೆಗೆ ಧಾರಾಳವಾಯಿತು. ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಹಗುರ, ಆದರೆ ಬೇಗ ಗೀರು ಬೀಳುತ್ತದೆ. ಒಂದು ಹರಳನ್ನು ಕೈಯಲ್ಲಿ ಹಿಡಿದು ನೋಡಿ: ಗಾಜು ತಣ್ಣಗೆ, ಭಾರವಾಗಿರುತ್ತದೆ.

ಬಲ್ಬಿನ ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ. ಹಾಲುಬಿಳಿ ಬಲ್ಬು ಬೆಳಕನ್ನು ಎಲ್ಲ ಕಡೆ ಹರಡಿಬಿಡುತ್ತದೆ, ಹರಳಿನಲ್ಲಿ ಮಿಂಚು ಹುಟ್ಟುವುದಿಲ್ಲ. ಮಿಂಚಬೇಕಾದರೆ ಬೆಳಕು ಸಣ್ಣ ಚುಕ್ಕಿಯಿಂದಲೋ ಗೆರೆಯಿಂದಲೋ ಬರಬೇಕು. ಅದಕ್ಕೆ ಒಳಗಿನ ಎಳೆ ಕಾಣುವ, ಪಾರದರ್ಶಕ ಗಾಜಿನ ಫಿಲಮೆಂಟ್ ಎಲ್‌ಇಡಿ ತನ್ನಿ. ಬೆಳಕಿನ ಬಣ್ಣ 2700ರಿಂದ 3000 ಕೆಲ್ವಿನ್ ಇರಲಿ, ಅಂದರೆ ತುಸು ಹಳದಿ ಛಾಯೆಯ ಬೆಚ್ಚನೆ ಬೆಳಕು. ಬೆಳಕನ್ನು ಹೆಚ್ಚುಕಡಿಮೆ ಮಾಡುವ ಡಿಮ್ಮರ್ ಹಾಕಿಸಿದರೆ ಇನ್ನೂ ಚೆಂದ, ಬಲ್ಬೂ ಡಿಮ್ಮರ್‌ಗೆ ಒಗ್ಗುವಂಥದ್ದೇ ಆಗಿರಬೇಕು ಅಷ್ಟೆ.

ತೂಗುಹಾಕುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ಫಾಲ್ಸ್ ಸೀಲಿಂಗ್ ಮೇಲೆ ಭಾರ ಬೀಳಬಾರದು, ಕೊಕ್ಕೆ ಮೇಲಿನ ಗಟ್ಟಿ ಸ್ಲ್ಯಾಬ್ ಅಥವಾ ತೊಲೆಯಲ್ಲೇ ಕೂರಬೇಕು. ಮೊದಲು ಚೌಕಟ್ಟು ಏರಲಿ, ಬಲ್ಬು ಉರಿಸಿ ನೋಡಿ, ಆಮೇಲೆ ಹರಳು. ಹತ್ತಿಯ ಕೈಗವಸು ಹಾಕಿಕೊಂಡು ಒಳಸಾಲಿನಿಂದ ಶುರುಮಾಡಿ.

ಒರೆಸುವ ದಿನ ಮೇನ್ ಸ್ವಿಚ್ ಆರಿಸಿ, ಬಲ್ಬು ತಣ್ಣಗಾಗಲು ಬಿಡಿ. ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಮೂರು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಬಟ್ಟೆಗೆ ಸಿಂಪಡಿಸಿ, ದೀಪಕ್ಕಲ್ಲ. ಇನ್ನೊಂದು ಬದಿ ಒರೆಸಬೇಕೆಂದು ದೀಪವನ್ನೇ ತಿರುಗಿಸಬೇಡಿ, ಮೇಲಿನ ತಿರುಪು ಸಡಿಲವಾಗಿ ಇಡೀ ದೀಪ ಕಳಚಿ ಬೀಳಬಹುದು. ಏಣಿಯನ್ನೇ ಸರಿಸಿಕೊಳ್ಳಿ.