ಹಾಜರಿ ಪುಸ್ತಕ ಮೊದಲು, ಟೆಸ್ಟ್ ಆಮೇಲೆ

ಗಂಗಾವತಿಯಲ್ಲಿ ನನ್ನನ್ನು 'ಕೌನ್ಸೆಲಿಂಗ್ ಮೇಡಂ' ಅಂತ ಕರೆಯಲು ಶುರುಮಾಡಿ ಆರು ವರ್ಷವಾಯಿತು. ಅದಕ್ಕೂ ಮೊದಲು 'ಎನ್‌ಜಿಒ ಅಕ್ಕ' ಆಗಿದ್ದೆ. ಓದಿದ್ದು ಎಂ.ಎಸ್.ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಶಾಲೆ ಬಿಟ್ಟ ಮಕ್ಕಳನ್ನು ಮತ್ತೆ ಸೇರಿಸುವುದು ಕೆಲಸ. ಹತ್ತಿ ಬೀಜದ ಹೊಲಕ್ಕೆ ಕ್ರಾಸಿಂಗ್ (ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸ) ಮಾಡಲು ಹೋಗುವವರು, ಅಪ್ಪ ಅವ್ವನ ಜೊತೆ ಗುಳೆ ಹೋದವರು, ತಂಗಿಯನ್ನು ಎತ್ತಿಕೊಳ್ಳಲು ಮನೆಯಲ್ಲೇ ಉಳಿದವರು. ಮಗುವನ್ನು ಶಾಲೆ ಗೇಟಿನ ತನಕ ತಂದರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಮೂರು ತಿಂಗಳಿಗೆ ಅದೇ ಮಗು ಮತ್ತೆ ಹೊರಗೆ. ಕೇಳಿದರೆ ಮಾಸ್ತರು "ತಲಿಗೆ ಹತ್ತಂಗಿಲ್ರಿ ಅದಕ್ಕ" ಅನ್ನುತ್ತಿದ್ದರು. ಯಾಕೆ ಹತ್ತುವುದಿಲ್ಲ ಅನ್ನೋದು ಅವರಿಗೂ ಗೊತ್ತಿರಲಿಲ್ಲ, ನನಗೂ ಇರಲಿಲ್ಲ. ಎಂ.ಎಸ್.ಡಬ್ಲ್ಯೂನಲ್ಲಿ ಮನೆಯ ಕತೆ ಕೇಳುವುದನ್ನು ಕಲಿಸಿದ್ದರು. ಮಗು ಓದಲು ಹೇಗೆ ಕಲಿಯುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಮತ್ತೆ ಓದಬೇಕು ಅನ್ನಿಸಿತು. ಆದರೆ ಏನು ಓದುವುದು? ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್‌ಗೆ ಮೊದಲು ಸೈಕಾಲಜಿ ಎಂ.ಎ. ಬೇಕಿತ್ತು, ಆಮೇಲೆ ಮತ್ತೆರಡು ವರ್ಷ. ನಮ್ಮ ಮನೆಯ ಲೆಕ್ಕಕ್ಕೆ ಅದು ಕೂಡಿಬರಲಿಲ್ಲ. ಕೊನೆಗೆ ಸಿಕ್ಕಿದ್ದು ಎನ್‌ಸಿಇಆರ್‌ಟಿಯ ಗೈಡೆನ್ಸ್ ಮತ್ತು ಕೌನ್ಸೆಲಿಂಗ್ ಡಿಪ್ಲೊಮಾ. ಒಂದು ವರ್ಷದ್ದು. ಆರು ತಿಂಗಳು ಮನೆಯಲ್ಲೇ ಓದು, ಮೂರು ತಿಂಗಳು ಕ್ಲಾಸು, ಕೊನೆಯ ಮೂರು ತಿಂಗಳು ನಮ್ಮೂರಲ್ಲೇ ಇಂಟರ್ನ್‌ಶಿಪ್. ಸೋಷಿಯಲ್ ವರ್ಕ್ ಓದಿದವರಿಗೂ ಅದರಲ್ಲಿ ಜಾಗವಿತ್ತು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಸೆಂಟರ್. ಮೊದಲ ಆರು ತಿಂಗಳು ಕೆಲಸ ಬಿಡದೆ ಓದಿದೆ. ಆಮೇಲೆ ಬಿಡಲೇಬೇಕಾಯಿತು. ಒಂದು ರಾತ್ರಿ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಮಗಳನ್ನು ನಮ್ಮ ಅತ್ತೆ ನೋಡಿಕೊಂಡರು. "ಈ ವಯಸ್ಸಿನಾಗ ಮತ್ತ ಸಾಲಿಗೆ ಹೊಂಟ್ಯೇನವ್ವಾ" ಅಂತ ನಕ್ಕರು, ಆದರೆ ಸ್ಟೇಷನ್ನಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ತಂದವರೂ ಅವರೇ.

ಮೈಸೂರಿನಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಸಂಖ್ಯಾಶಾಸ್ತ್ರ. ಐಕ್ಯೂ 100 ಅಂದರೆ ನೂರಕ್ಕೆ ನೂರು ಅಂದುಕೊಂಡಿದ್ದವಳು ನಾನು. ಅದು ಆ ವಯಸ್ಸಿನ ಮಕ್ಕಳ ಸರಾಸರಿ, ಅಷ್ಟೇ. ಐಕ್ಯೂ ಅಳೆಯುವ ಬಿನೆ-ಕಾಮತ್ ಟೆಸ್ಟ್ ಬಗ್ಗೆ ಓದುವಾಗ ಮಾತ್ರ ಖುಷಿಯಾಯಿತು. ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು ನಮ್ಮ ಧಾರವಾಡದಲ್ಲಿ. ಆದರೆ ಅಷ್ಟು ಹಳೆಯ ಅಳತೆಯಲ್ಲಿ ಇವತ್ತಿನ ಮಗುವನ್ನು ಅಳೆಯುವಾಗ ಹುಷಾರಾಗಿರಬೇಕು ಅಲ್ವಾ? ಟೆಸ್ಟ್‌ಗಿಂತ ಕಷ್ಟವಾಗಿದ್ದು ಸುಮ್ನೆ ಕೂರುವುದು. ಒಬ್ಬರು ಮಗು, ಒಬ್ಬರು ಕೌನ್ಸೆಲರ್ ಆಗಿ ಮಾತಾಡುವ ಅಭ್ಯಾಸದಲ್ಲಿ ನಾನು ಎರಡನೇ ನಿಮಿಷಕ್ಕೇ ಸಲಹೆ ಕೊಡುತ್ತಿದ್ದೆ. ಎನ್‌ಜಿಒ ಚಾಳಿ. ಮನೆಗೆ ಹೋದ ಕೂಡಲೇ ರೇಷನ್ ಕಾರ್ಡ್, ವೃದ್ಧಾಪ್ಯ ವೇತನ ಅಂತ ಏನಾದರೂ ಸರಿಮಾಡಿ ಬರುತ್ತಿದ್ದವಳಿಗೆ ಬಾಯಿ ಮುಚ್ಚಿ ಕೇಳಿಸಿಕೊಳ್ಳುವುದೇ ಒಂದು ಪಾಠವಾಯಿತು.

ಇಂಟರ್ನ್‌ಶಿಪ್‌ಗೆ ಸಿಕ್ಕ ಶಾಲೆಯಲ್ಲಿ ನನಗೆ ಕೊಟ್ಟ ಜಾಗ ಆಟದ ಸಾಮಾನಿನ ಕೋಣೆ. ಕೇರಂ ಬೋರ್ಡುಗಳ ನಡುವೆ ಎರಡು ಕುರ್ಚಿ. ಗಲಾಟೆ ಮಾಡಿದವರನ್ನೆಲ್ಲ ನನ್ನ ಹತ್ತಿರ ಕಳಿಸುತ್ತಿದ್ದರು, ಹಾಗಾಗಿ ಮಕ್ಕಳ ಪಾಲಿಗೆ ಅದು ಶಿಕ್ಷೆಯ ಕೋಣೆ. ಸ್ಟಾಫ್ ರೂಮಿಗೆ ಹೋದರೆ "ಏನಂದ್ನ್ರಿ ಅವಾ?" ಅಂತ ಪ್ರಶ್ನೆ. ಹೇಳುವಂತಿಲ್ಲ ಅಂದರೆ ಮುಖ ಸಣ್ಣದು. ಮಕ್ಕಳಿಗೆ ಮಾತ್ರ ಮೊದಲ ದಿನವೇ ಹೇಳುತ್ತಿದ್ದೆ: ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ. ಆದರೆ ನಿನಗೆ ಯಾರಾದರೂ ಕೆಡುಕು ಮಾಡುತ್ತಿದ್ದರೆ, ನೀನೇ ಏನಾದರೂ ಮಾಡಿಕೊಳ್ಳುವ ಹಾಗಿದ್ದರೆ ಸುಮ್ಮನಿರಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧದ 2012ರ ಪೋಕ್ಸೊ ಕಾನೂನಿನಲ್ಲಿ ಗೊತ್ತಿದ್ದೂ ತಿಳಿಸದೇ ಇರುವುದು ತಪ್ಪು. ಬಾಲ್ಯವಿವಾಹದ ಸುದ್ದಿ ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098. ನಮ್ಮ ಕಡೆ ಈ ಎರಡೂ ಬರೀ ಪುಸ್ತಕದ ಮಾತಲ್ಲ.

ಈಗ ನನ್ನ ದೊಡ್ಡ ತಪ್ಪಿನ ಕತೆ. ನಾಲ್ಕನೇ ಕ್ಲಾಸಿನ ಹುಡುಗ, ಕಾಗುಣಿತವೇ ಬರುತ್ತಿರಲಿಲ್ಲ. ಮ, ವ, ಯ ಮೂರೂ ಅವನಿಗೆ ಒಂದೇ. ಹೊಸದಾಗಿ ಕಲಿತ ಉತ್ಸಾಹ ನೋಡಿ, 'ಕಲಿಕಾ ನ್ಯೂನತೆಯ ಅನುಮಾನ' ಅಂತ ಬರೆದೇಬಿಟ್ಟೆ. ಅಂದರೆ ಬುದ್ಧಿ ಚುರುಕಿದ್ದರೂ ಓದು, ಬರಹ ಹತ್ತದ ತೊಂದರೆ. ವಾರದ ಮೇಲೆ ಹಾಜರಿ ಪುಸ್ತಕ ತೆಗೆದು ನೋಡಿದೆ. ಎರಡು ವರ್ಷ ದೀಪಾವಳಿ ಮುಗಿದಿದ್ದೇ ಹುಡುಗ ಮಾಯ, ಯುಗಾದಿಗೆ ವಾಪಸ್. ಅಪ್ಪ ಅವ್ವ ಬೆಂಗಳೂರಲ್ಲಿ ಕಟ್ಟಡದ ಕೆಲಸ. ಒಂದರಿಂದ ಮೂರರವರೆಗೆ ನಲಿ-ಕಲಿ, ಕಾರ್ಡು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿ. ಅಲ್ಲಿ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ನಾಲ್ಕಕ್ಕೆ ಬಂದ ಕೂಡಲೇ ಏಣಿ ಇಲ್ಲ, ಪುಸ್ತಕ ಓಡುತ್ತದೆ. ಅವನಿಗೆ ನ್ಯೂನತೆ ಏನೂ ಇರಲಿಲ್ಲ. ತಪ್ಪಿಹೋದ ತಿಂಗಳುಗಳಿದ್ದವು. ಹಳೇ ನಲಿ-ಕಲಿ ಕಾರ್ಡುಗಳನ್ನೇ ಹುಡುಕಿ ತೆಗೆದೆವು. ದಿನಕ್ಕೆ ಅರ್ಧ ಗಂಟೆ. ನಾಲ್ಕು ತಿಂಗಳಿಗೆ ಸರಳ ಪದಗಳನ್ನು ಓದಿದ. ನಾನು ಬರೆದಿದ್ದ ಆ ಹಾಳೆ ಹರಿದುಹಾಕಿದೆ.

ಹರಿದ ಹಾಳೆಗಿಂತ ನನ್ನ ಹಳೇ ಡಿಗ್ರಿ ಹೆಚ್ಚು ಕೆಲಸಕ್ಕೆ ಬಂತು. ಗುಳೆ ಹೋಗುವವರ ಮನೆ ಬಾಗಿಲಲ್ಲಿ ಕೂತು ಮಾತಾಡಿದವಳಿಗೆ ಹಾಜರಿ ಪುಸ್ತಕ ಮೊದಲೇ ನೆನಪಾಗಬೇಕಿತ್ತು. ಹೊಸ ವಿದ್ಯೆಯ ಗುಂಗಲ್ಲಿ ಮರೆತಿದ್ದೆ. ಈಗ ಯಾವ ಮಗು ಬಂದರೂ ಮೊದಲು ಹಾಜರಿ, ಆಮೇಲೆ ಕಣ್ಣು, ಕಿವಿ, ಆಮೇಲೆ ಮನೆಮಾತು. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ಮಕ್ಕಳಿಗೆ ಮನೆಯಲ್ಲಿ ತೆಲುಗು, ತಾಂಡಾದವರಿಗೆ ಲಂಬಾಣಿ. ನಮ್ಮ ಮಕ್ಕಳು ಮಹಾಪ್ರಾಣ ಬಿಟ್ಟು 'ಕತೆ' ಅಂತ ಬರೆದರೆ ಅದು ರೋಗವಲ್ಲ, ನಾವೆಲ್ಲ ಮಾತಾಡುವುದೇ ಹಾಗೆ.

ಹಾಗಂತ ನಿಜವಾದ ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಮೂರು ವರ್ಷದ ಹಿಂದೆ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಳು. ಒಂದು ದಿನವೂ ರಜೆ ಇಲ್ಲ, ಮನೆಮಾತು ಕನ್ನಡ, ಬಾಯಿಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ. ಆದರೆ ಬರೆಯುವಾಗ ಒತ್ತಕ್ಷರ ಪೂರಾ ಮಾಯ. 'ಅಕ್ಕ' ಹೋಗಿ 'ಅಕ'. ಓದುವಾಗ ಒಂದೊಂದು ಅಕ್ಷರಕ್ಕೂ ಬೆರಳು. ಎಲ್ಲರೂ ಸೋಮಾರಿ ಅಂದಿದ್ದರು. ಇಂಥ ಮಗುವಿನ ತೊಂದರೆಗೆ ನಾನು ಹೆಸರು ಕೊಡುವಂತಿಲ್ಲ. ನಾನು ಅನುಮಾನ ಬರೆದು ಕಳಿಸಬೇಕು. ಐಕ್ಯೂ ಮತ್ತು ನಿಮ್ಹಾನ್ಸ್ ಬ್ಯಾಟರಿ (ಓದು, ಬರಹ, ಲೆಕ್ಕದ ಟೆಸ್ಟ್‌ಗಳ ಗುಂಪು) ಮಾಡಿ ಹೇಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾದ ಕ್ಲಿನಿಕಲ್ ಸೈಕಾಲಜಿಸ್ಟ್. ಸರ್ಟಿಫಿಕೇಟ್ ಕೊಡುವುದು ಸರ್ಕಾರಿ ಆಸ್ಪತ್ರೆ. ಶಾಲೆಯಲ್ಲಿ ಕೆಲಸ ಮಾಡಬೇಕು ಅನ್ನುವವರು ಈ ಗೆರೆಯನ್ನು ಮೊದಲೇ ತಿಳಿದುಕೊಳ್ಳಿ. ದಾಟಿದರೆ ಪೆಟ್ಟು ಬೀಳುವುದು ಮಗುವಿಗೆ.

ಆಸ್ಪತ್ರೆ ಅಂದಿದ್ದಕ್ಕೆ ಅವಳ ತಾಯಿ ಎದ್ದು ನಿಂತರು. "ದವಾಖಾನಿಗೆ ಯಾಕ್ರಿ ಮೇಡಂ, ನಮ್ಮ ಹುಡುಗಿಗೇನ್ ಹುಚ್ಚ ಹಿಡಿದೈತೇನು?" ನಾನೇನೂ ಹೇಳಲಿಲ್ಲ. ಹುಡುಗಿಗೆ ಬಾಯಲ್ಲೇ ಐದು ಲೆಕ್ಕ ಕೇಳಿದೆ. ಫಟಾಫಟ್ ಹೇಳಿದಳು. ಅವೇ ಲೆಕ್ಕಗಳನ್ನು ಓದಿ ಮಾಡಲು ಕೊಟ್ಟೆ. ತಾಯಿ ಸುಮ್ಮನೆ ನೋಡುತ್ತಾ ನಿಂತರು. ಆಮೇಲೆ ಮತ್ತೆ ಕೂತರು.

ಮೂರು ಸಲ ಓಡಾಟವಾಯಿತು. ಒಂದು ಸಲ ಡಾಕ್ಟರೇ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು, ಹಾಗಾಗಿ ಕೊನೆಗೆ ಕಾಗದ ಸಿಕ್ಕಿತು. ಈಗ ಅವಳು ಎಂಟನೇ ಕ್ಲಾಸು. ಒತ್ತಕ್ಷರ ಇನ್ನೂ ಬಿಡುತ್ತಾಳೆ, ಮೊದಲಿಗಿಂತ ಕಡಿಮೆ. ಶಾಲೆಯ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೊಡುತ್ತಾರೆ, ಪ್ರಶ್ನೆ ಓದಿ ಹೇಳುತ್ತಾರೆ. ಎಸ್ಸೆಸ್ಸೆಲ್ಸಿಗೆ ಬೋರ್ಡಿನಿಂದ ಬೇರೆ ಅನುಮತಿ ಬೇಕು. ಆ ಅರ್ಜಿಗೆ ಬೇಕಾದ ಕಾಗದಗಳನ್ನೆಲ್ಲ ಅವಳ ತಾಯಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗೋದಿ ಡಬ್ಬಿಯ ಮೇಲೆ ಇಟ್ಟಿದ್ದಾರೆ.