ಹಾಲು ಬಿಡಿಸಿದ ಹಂದಿ ಮರಿಗಳ ಭೇದಿ, ನಾನು ಫಂಗಸ್ ಹಿಂದೆ ಬಿದ್ದಿದ್ದು

ತಾಯಿಯಿಂದ ಬಿಡಿಸಿದ ನಾಲ್ಕನೇ ಐದನೇ ದಿನಕ್ಕೆ ನೀರು ನೀರು ಭೇದಿ, ನನ್ನ ಶೆಡ್ಡಲ್ಲಿ ಪ್ರತಿ ಬ್ಯಾಚಿಗೂ ಇದೇ ಗೋಳು. 21 ದಿನಕ್ಕೇ ಬಿಡಿಸ್ತಿದ್ದೆ, ಭೇದಿ ಬಂದ್ರೆ ಆಂಟಿಬಯೋಟಿಕ್, ನಿಂತಂಗೆ ಮಾಡಿ ವಾರಕ್ಕೆ ಮತ್ತೆ ಶುರು, ಮತ್ತೆ ಅದೇ ಔಷಧಿ. ಒಂದ್ಸಲ ಡಾಕ್ಟ್ರು ಮಲದ ಸ್ಯಾಂಪಲ್ ಮೈಕ್ರೋಸ್ಕೋಪಲ್ಲಿ ತೋರಿಸಿದ್ರು, ಮೊಗ್ಗು ಬಿಟ್ಕೊಂಡಿರೋ ಯೀಸ್ಟ್ ರಾಶಿ ರಾಶಿ, ಯೀಸ್ಟೂ ಒಂದು ಫಂಗಸ್ಸೇ. ಸಿಕ್ಕಿಬಿಟ್ಟ ಕಳ್ಳ ಅಂದ್ಕೊಂಡು ಫಂಗಸ್ ಔಷಧಿ ಕೊಡಿ ಅಂತ ಅವರ ತಲೆ ತಿಂದೆ.

ಅವರು ಮೊದ್ಲು ಭೇದಿ ಇಲ್ದಿರೋ ಮರಿಗಳದ್ದೂ ಸ್ಯಾಂಪಲ್ ತಗೊಂಡ್ ಬಾ ಅಂದ್ರು. ತಂದೆ. ಅದರಲ್ಲೂ ಅಷ್ಟೇ ಯೀಸ್ಟ್! ಕಜಾಕ್‌ಸ್ಟಾನಿಯಾ ಸ್ಲೂಫಿಯೆ ಅಂತ ಒಂದು ಯೀಸ್ಟ್ ಇದೆಯಂತೆ, ಹಾಲು ಕುಡಿಯೋ ಮರೀಲಿ ಕಮ್ಮಿ, ಕಾಳಿನ ಫೀಡಿಗೆ ಬಂದ್ಮೇಲೆ ಚೆನ್ನಾಗಿರೋ ಮರಿ ಹೊಟ್ಟೇಲೂ ಅದೇ ಜಾಸ್ತಿ ಆಗುತ್ತಂತೆ. ಕ್ಯಾಂಡಿಡಾ ಅಂಥ ಬೇರೆ ಯೀಸ್ಟ್‌ಗಳು ಮಾತ್ರ ಆಂಟಿಬಯೋಟಿಕ್ ಸುರಿದು ಸುರಿದು ಬ್ಯಾಕ್ಟೀರಿಯಾ ಜಾಗ ಖಾಲಿ ಮಾಡಿಕೊಟ್ರೆ ಬೆಳ್ಕೊಳ್ಳಬಹುದು, ಅಂದ್ರೆ ಆ ಜಾಗ ಖಾಲಿ ಮಾಡ್ತಿದ್ದೋನು ನಾನೇ.

ಮಲದ ಕಲ್ಚರ್, ಅಂದ್ರೆ ಲ್ಯಾಬಲ್ಲಿ ರೋಗಾಣು ಬೆಳೆಸಿ ನೋಡೋದು, ಮಾಡಿಸಿದಾಗ ಭೇದಿ ಮರಿಗಳಲ್ಲಿ ಬಂದಿದ್ದು ಈ.ಕೋಲಿ ಅನ್ನೋ ಬ್ಯಾಕ್ಟೀರಿಯಾ, ನಾನು ಕೊಡ್ತಿದ್ದ ಔಷಧಿಗೆ ಅದು ಜಗ್ಗೋದೇ ಇಲ್ಲ. ಬಿಡಿಸಿದ ಮೊದಲೆರಡು ದಿನ ಮರಿ ಸರಿಯಾಗಿ ತಿನ್ನೋದೇ ಇಲ್ಲ ನೋಡಿ, ಕರುಳಿನ ಒಳಗಿನ ಸಣ್ಣ ಸಣ್ಣ ಎಳೆಗಳು ಮೊಟಕಾಗ್ತವೆ, ತಾಯಿ ಹಾಲಿಂದ ಸಿಗ್ತಿದ್ದ ರಕ್ಷಣೆನೂ ಇಲ್ಲ, ಆಮೇಲೆ ಹಸಿವಾಗಿ ಒಟ್ಟಿಗೆ ಗಬಗಬ ತಿಂದಾಗ ಜೀರ್ಣ ಆಗದ ಪ್ರೋಟೀನು ಕೆಳಗಿಳಿದು ಈ.ಕೋಲಿಗೆ ಹಬ್ಬದೂಟ. ಭೇದಿ ತಡೆಯೋಕೆ ಫೀಡಿಗೆ ಝಿಂಕ್ ಆಕ್ಸೈಡ್ ಜಾಸ್ತಿ ಹಾಕೋಣ್ವಾ ಅಂತನೂ ಡಾಕ್ಟ್ರನ್ನ ಕೇಳ್ದೆ, ಮಲದಲ್ಲಿ ಹೋಗಿ ಮಣ್ಣಲ್ಲಿ ಸೇರ್ಕೊಳ್ಳುತ್ತೆ, ಔಷಧಿ ಡೋಸಲ್ಲಿ ಯುರೋಪ್ ಒಕ್ಕೂಟದವರು 2022ರಲ್ಲೇ ನಿಲ್ಲಿಸಿದ್ದಾರೆ ಅಂದ್ರು, ಬಿಟ್ಟೆ.

ಆಮೇಲೆ ಬದಲಾಯಿಸಿದ್ದು ಇಷ್ಟು. 28 ದಿನಕ್ಕೆ ಬಿಡಿಸೋದು, ಹತ್ತನೇ ದಿನದಿಂದ್ಲೇ ತಾಯಿ ಹತ್ರ ಇರುವಾಗ್ಲೇ ಒಂದೊಂದು ಹಿಡಿ ಫೀಡ್ ರುಚಿ ಹತ್ತಿಸೋದು, ಬಿಡಿಸಿದ್ಮೇಲೆ ಗಂಜಿ ತರ ಕಲಸಿ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ, ಮಲಗೋ ಜಾಗ ಮೊದಲ ವಾರ 28 ಡಿಗ್ರಿ ಹತ್ರ, ಪ್ರೋಟೀನ್ ಕಮ್ಮಿ ಇರೋ ಫೀಡು. ನನಗೆ ಅನ್ಸೋದು ಎಲ್ಲಕ್ಕಿಂತ ಕೆಲ್ಸ ಮಾಡಿದ್ದು ಆ ಗಂಜಿ, ಕೈಕೆಲ್ಸ ಮಾತ್ರ ಸಿಕ್ಕಾಪಟ್ಟೆ. ಫೀಡರ್ ಮೂಲೇಲಿ ಗಂಟುಕಟ್ಟಿ ಬೂಷ್ಟು ಹಿಡಿದಿದ್ದೂ ಆವಾಗ್ಲೇ ಕಂಡಿದ್ದು, ಅದು ಹೊಟ್ಟೆ ಯೀಸ್ಟಿಗಿಂತ ಬೇರೆ ವಿಷಯ, ಬೂಷ್ಟಿನ ವಿಷಕ್ಕೆ ಮರಿಗಳು ತಿನ್ನೋದನ್ನೇ ಬಿಡ್ತವೆ, ಈಗ ದಿನಾ ಕೆರೆದು ತೆಗೀತೀನಿ.

ಭೇದಿ ಪೂರ್ತಿ ಹೋಗಿಲ್ಲ, ಈಗಲೂ ಬ್ಯಾಚಿಗೆ ಎರಡು ಮೂರು ಮರಿಗೆ ಬರುತ್ತೆ. ಅವನ್ನ ಬೇರೆ ಹಾಕಿ ಓಆರ್‌ಎಸ್ ಇಡ್ತೀನಿ, ಔಷಧಿ ಮುಟ್ಟೋಕೆ ಮುಂಚೆ ಸ್ಯಾಂಪಲ್ ತೆಗೀತೀನಿ, ಪಕ್ಕದ ಗಟ್ಟಿ ಮರಿದೂ ಒಂದು.