ಕಾಲೇಜ್ ಬೇಸ್‌ಬಾಲ್ ಎದುರಾಳಿಗಳ ಪಟ್ಟಿ ಓದೋದು ಹೇಗೆ: ಟೆಕ್ಸಸ್‌ಗೆ ಹೊಸದಾಗಿ ಬಂದವರಿಗೆ

ಜನವರಿ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಯಾರಾದರೂ ಫೋನ್ ಮಾಡುತ್ತಾರೆ. ಮಗಳಿಗೆ ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಸ್‌ನಲ್ಲಿ ಸೀಟು ಸಿಕ್ಕಿರುತ್ತದೆ, ಇಲ್ಲವೇ ಮನೆಯವರೆಲ್ಲ ಕೆಲಸದ ಮೇಲೆ ಇಲ್ಲಿಗೆ ಬಂದಿರುತ್ತಾರೆ. "ಅಣ್ಣಾ, ಬೇಸ್‌ಬಾಲ್‌ಗೆ ಹೋಗೋಣ ಅಂತಿದ್ದೀವಿ. ಯಾವ ಮ್ಯಾಚಿಗೆ ಟಿಕೆಟ್ ತಗೊಳ್ಳಲಿ?" ಅನ್ನೋದು ಪ್ರಶ್ನೆ. ಆಮೇಲೆ ಅವರೇ ಯಾವುದೋ ಒಂದು ದಿನ ಆರಿಸಿಕೊಂಡು, ಹಿಂದೆ ನಾನು ಬಿದ್ದ ಹಳ್ಳಕ್ಕೇ ಬೀಳುತ್ತಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಆಟದ ನಿಯಮ ಹೇಳಲ್ಲ, ಕ್ರಿಕೆಟ್ ನೋಡಿ ಬೆಳೆದವರಿಗೆ ಅರ್ಧ ದಿನದಲ್ಲಿ ಅರ್ಥವಾಗುತ್ತದೆ. ಅರ್ಥವಾಗದೇ ಇರೋದು ವೇಳಾಪಟ್ಟಿ.

ಕಾಲೇಜ್ ತಂಡ ಒಂದು ಸೀಸನ್‌ನಲ್ಲಿ ಹೆಚ್ಚೆಂದರೆ 56 ಮ್ಯಾಚ್ ಆಡಬಹುದು. ಯೂನಿವರ್ಸಿಟಿ ಆಫ್ ಟೆಕ್ಸಸ್ ತಂಡ ಈಗ ಎಸ್‌ಇಸಿ ಅನ್ನುವ ಕಾನ್ಫರೆನ್ಸ್‌ನಲ್ಲಿದೆ. ಕಾನ್ಫರೆನ್ಸ್ ಅಂದರೆ ತಮ್ಮತಮ್ಮಲ್ಲೇ ಲೀಗ್ ಥರ ಆಡುವ ಕಾಲೇಜುಗಳ ಗುಂಪು. 2024ರ ಜುಲೈನಲ್ಲಿ ಸೇರಿತು, ಒಟ್ಟು 16 ತಂಡಗಳಿವೆ. ಆ ಕಾನ್ಫರೆನ್ಸ್ ಒಳಗೆ 30 ಮ್ಯಾಚ್. ಅದನ್ನು ಕಾನ್ಫರೆನ್ಸ್‌ನವರೇ ನಿಗದಿ ಮಾಡುತ್ತಾರೆ. ಉಳಿದದ್ದೆಲ್ಲ ನಾನ್-ಕಾನ್ಫರೆನ್ಸ್. ಅಲ್ಲಿ ಯಾರ ಜೊತೆ ಆಡಬೇಕು, ಎಲ್ಲಿ ಆಡಬೇಕು ಅಂತ ಕೋಚ್ ಮತ್ತು ಕಾಲೇಜಿನವರೇ ಮಾತಾಡಿ ಗೊತ್ತು ಮಾಡಿಕೊಳ್ಳುತ್ತಾರೆ. ಫೆಬ್ರವರಿ ಮಧ್ಯದಿಂದ ಸುಮಾರು ನಾಲ್ಕು ವಾರಾಂತ್ಯ ಇವೇ ಇರುತ್ತವೆ. ಆಮೇಲೆ ಮೇ ತನಕ ಮಂಗಳವಾರ, ಬುಧವಾರಗಳಲ್ಲಿ ಬಿಡಿಬಿಡಿಯಾಗಿ ಬರುತ್ತವೆ.

ಪಟ್ಟಿ ನೋಡಿದ ತಕ್ಷಣ ನಮ್ಮವರು ಹೆಸರು ನೋಡುತ್ತಾರೆ. ಗೊತ್ತಿರುವ ದೊಡ್ಡ ಯೂನಿವರ್ಸಿಟಿ ಅಂದರೆ ದೊಡ್ಡ ಮ್ಯಾಚ್ ಅಂದುಕೊಳ್ಳುತ್ತಾರೆ. ಇದು ಮೊದಲ ತಪ್ಪು. ಆಸ್ಟಿನ್‌ನಿಂದ 80 ಮೈಲಿ ದೂರದ ಸ್ಯಾನ್ ಆಂಟೋನಿಯೋದ ಯುಟಿಎಸ್‌ಎ (ಯೂನಿವರ್ಸಿಟಿ ಆಫ್ ಟೆಕ್ಸಸ್ ಅಟ್ ಸ್ಯಾನ್ ಆಂಟೋನಿಯೋ) ತಂಡವನ್ನೇ ತೆಗೆದುಕೊಳ್ಳಿ. ಹೆಸರು ಕೇಳಿದರೆ ಯಾರೂ ಟಿಕೆಟ್ ತಗೊಳ್ಳಲ್ಲ. 2025ರಲ್ಲಿ ಟೆಕ್ಸಸ್ ಇಡೀ ದೇಶದಲ್ಲಿ ಎರಡನೇ ಶ್ರೇಯಾಂಕದ ತಂಡ. ಅದರದೇ ಮೈದಾನ ಡಿಷ್-ಫಾಕ್‌ನಲ್ಲಿ ನಡೆದ ರೀಜನಲ್‌ನಲ್ಲಿ (ರಾಷ್ಟ್ರೀಯ ಟೂರ್ನಿಯ ನಾಲ್ಕು ತಂಡಗಳ ಮೊದಲ ಸುತ್ತು) ಇದೇ ಯುಟಿಎಸ್‌ಎ ಟೆಕ್ಸಸ್ ಅನ್ನು ಎರಡು ಸಲ ಸೋಲಿಸಿ ಮನೆಗೆ ಕಳಿಸಿತು. ಆರು ಸಲ ರಾಷ್ಟ್ರೀಯ ಚಾಂಪಿಯನ್ ಆದ ತಂಡ, ಸೋತದ್ದು ಪಕ್ಕದ ಊರಿನವರ ಕೈಯಲ್ಲಿ. ಹಾಗಾಗಿ ಯುಟಿಎಸ್‌ಎ ಬರಲಿ, 30 ಮೈಲಿ ಆಚೆಯ ಸ್ಯಾನ್ ಮಾರ್ಕಸ್‌ನಿಂದ ಟೆಕ್ಸಸ್ ಸ್ಟೇಟ್ ಬರಲಿ, ಅಂಥ ಮಂಗಳವಾರದ ಮ್ಯಾಚನ್ನು ಬಿಡಬೇಡಿ. ಟಿಕೆಟ್ ಸಾಮಾನ್ಯವಾಗಿ ಕಡಿಮೆಗೆ ಸಿಗುತ್ತದೆ. ಎದುರಾಳಿ ಹುಡುಗರಲ್ಲಿ ಎಷ್ಟೋ ಜನ ಇದೇ ಸುತ್ತಮುತ್ತಲಿನ ಹೈಸ್ಕೂಲ್‌ಗಳಲ್ಲಿ ಆಡಿದವರು. ಅವರು ಎಷ್ಟು ಛಲದಿಂದ ಆಡುತ್ತಾರೆ ಅಂದರೆ ಗ್ಯಾಲರಿಯಲ್ಲಿ ಕೂತ ನಮಗೇ ಗೊತ್ತಾಗುತ್ತದೆ.

ಎರಡನೆಯದು, ಎದುರಾಳಿಯ ಗೆಲುವು-ಸೋಲಿನ ಲೆಕ್ಕ. ಮಿಶಿಗನ್, ಮಿನೆಸೋಟ ಕಡೆಯ ತಂಡ ಮಾರ್ಚ್‌ನಲ್ಲಿ 4 ಗೆದ್ದು 9 ಸೋತು ಬಂದರೆ ಸುಮ್ನೆ ದುರ್ಬಲ ಅಂತ ತಳ್ಳಿಹಾಕಬೇಡಿ. ಅವರ ಊರಲ್ಲಿ ಇನ್ನೂ ಹಿಮ. ಸೀಸನ್ ಶುರುವಾಗಿ ಮೂರು ನಾಲ್ಕು ವಾರ ದಕ್ಷಿಣದ ರಾಜ್ಯಗಳಲ್ಲೇ ತಿರುಗುತ್ತಾ, ಬೇರೆಯವರ ಮೈದಾನದಲ್ಲೇ ಆಡಿರುತ್ತಾರೆ. ಹಾಗೇ ಹೋದ ವರ್ಷದ ಸಾಧನೆಯನ್ನೂ ಪೂರ್ತಿ ನಂಬಬೇಡಿ. ಆಟಗಾರರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗಲು ಹೆಸರು ಬರೆಸುವ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ ಒಂದೇ ಬೇಸಿಗೆಯಲ್ಲಿ ಅರ್ಧ ತಂಡ ಬದಲಾಗೋದೂ ಉಂಟು.

ಮೂರನೆಯದು ಪಿಚರ್. ನಮ್ಮಲ್ಲಿ ಒಂದು ಸರಣಿ ಅಂದರೆ ಮುಖ್ಯ ಬೌಲರ್ ಎಲ್ಲ ಮ್ಯಾಚಲ್ಲೂ ಇರುತ್ತಾನೆ, ಅಲ್ವಾ? ಇಲ್ಲಿ ಹಾಗಲ್ಲ. ತಂಡದ ಅತ್ಯುತ್ತಮ ಪಿಚರ್ ಸಾಮಾನ್ಯವಾಗಿ ಶುಕ್ರವಾರ ಎಸೆಯುತ್ತಾನೆ. ನೂರು ಎಸೆತದ ಹತ್ತಿರ ಹೋದರೆ ಮುಂದಿನ ಶುಕ್ರವಾರದ ತನಕ ಅವನಿಗೆ ವಿಶ್ರಾಂತಿ. ಮಂಗಳವಾರ ಬರೋದು ಹೊಸ ಹುಡುಗರು, ಕೆಲವು ಸಲ ಒಬ್ಬೊಬ್ಬರು ಒಂದೊಂದು ಇನಿಂಗ್ಸ್ (ಇಲ್ಲಿ ಮ್ಯಾಚಿಗೆ ಸಾಮಾನ್ಯವಾಗಿ ಒಂಬತ್ತು ಇನಿಂಗ್ಸ್). ತಂಡದ ಹೆಸರು ಒಂದೇ, ಶುಕ್ರವಾರದ ತಂಡ ಬೇರೆ, ಮಂಗಳವಾರದ ತಂಡ ಬೇರೆ. ಊರಿಂದ ಬಂದವರಿಗೆ ಒಂದೇ ಮ್ಯಾಚ್ ತೋರಿಸೋದಾದರೆ ಶುಕ್ರವಾರ ಸಂಜೆಯದನ್ನೇ ತೋರಿಸಿ.

ಈಗ ನನ್ನ ದುಡ್ಡು ಕಳೆದ ವಿಷಯಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ಓದಿ.

ಕೆಲವು ವರ್ಷದ ಹಿಂದೆ ಅಪ್ಪ ಹಾಸನದಿಂದ ಬಂದಿದ್ದರು. ಕಾಲೇಜಿನ ಹುಡುಗರ ಆಟಕ್ಕೆ ಸಾವಿರಾರು ಜನ ದುಡ್ಡು ಕೊಟ್ಟು ಬರುತ್ತಾರೆ ಅಂದರೆ ಅವರಿಗೆ ನಂಬಿಕೆಯೇ ಇಲ್ಲ. ತೋರಿಸಲೇಬೇಕು ಅಂತ ಫೆಬ್ರವರಿ ಕೊನೆಯ ಒಂದು ಭಾನುವಾರ ಮಧ್ಯಾಹ್ನದ ಮ್ಯಾಚಿಗೆ ನಾಲ್ಕು ಟಿಕೆಟ್ ತಗೊಂಡೆ. ಬೇರೆ ಊರು, ಎರಡು ಗಂಟೆ ಡ್ರೈವ್. ಮರುಮಾರಾಟದ ಆ್ಯಪ್‌ನಲ್ಲಿ ಸ್ವಲ್ಪ ಕಡಿಮೆಗೆ ಸಿಕ್ಕಿತು ಅಂತ ಅಲ್ಲೇ ತಗೊಂಡೆ. ಫೀಸೆಲ್ಲ ಸೇರಿ 96 ಡಾಲರ್.

ಹೋಗಿ ನೋಡಿದರೆ ಪಾರ್ಕಿಂಗ್ ಖಾಲಿ. ಗೇಟಿಗೆ ಬೀಗ. ಸಣ್ಣಗೆ ಜಿಟಿಜಿಟಿ ಮಳೆ. ಬೇಲಿ ಸಂದಿಯಿಂದ ನೋಡಿದರೆ ಒಬ್ಬರೇ ಒಬ್ಬರು ಪಿಚರ್ ನಿಲ್ಲುವ ಮಣ್ಣಿನ ದಿಬ್ಬಕ್ಕೆ ಟಾರ್ಪಾಲಿನ್ ಎಳೆದು, ಅಂಚಿಗೆ ಮರಳಿನ ಚೀಲ ಇಡುತ್ತಿದ್ದರು. ನಾನು ಫೋನಿನಲ್ಲಿದ್ದ ಟಿಕೆಟ್ ಎತ್ತಿ ತೋರಿಸಿದೆ. ಅವರು ಎರಡು ಬೆರಳು ಎತ್ತಿದರು. ಎರಡೂ ಮ್ಯಾಚ್ ನಿನ್ನೆಯೇ ಮುಗಿದವು ಅಂತ. ಅಪ್ಪ ಕಾರಿನಲ್ಲಿ ಮಫ್ಲರ್ ಸುತ್ತಿಕೊಂಡು ಕೂತಿದ್ದರು. "ಹೋಗ್ಲಿ ಬಿಡೋ" ಅಂದರು. ನನಗೆ ಮಾತ್ರ ಇವತ್ತಿಗೂ ಆ ದಿನ ನೆನಪಾದರೆ ಸಂಕಟವಾಗುತ್ತದೆ. ಆ ಪ್ರವಾಸದಲ್ಲಿ ಅವರಿಗೆ ಮತ್ತೆ ಮ್ಯಾಚ್ ತೋರಿಸೋಕೆ ಆಗಲಿಲ್ಲ.

ಆಗಿದ್ದು ಇಷ್ಟು. ಭಾನುವಾರ ಮಳೆ ಅಂತ ಹವಾಮಾನ ವರದಿ ಬಂದರೆ ಎರಡೂ ಕಡೆಯ ಕೋಚ್‌ಗಳು ಮಾತಾಡಿಕೊಂಡು ಆ ಮ್ಯಾಚನ್ನು ಶನಿವಾರಕ್ಕೇ ತರುತ್ತಾರೆ. ಒಂದೇ ದಿನ ಎರಡು ಮ್ಯಾಚ್, ಡಬಲ್ ಹೆಡರ್. ಗಮನಿಸಿ, ಮಳೆಯಿಂದ ಮ್ಯಾಚ್ ಮುಂದಕ್ಕೆ ಹೋಗೋದು ನಮಗೆ ಗೊತ್ತು. ಮಳೆ ಬರುವ ಮೊದಲೇ ಮ್ಯಾಚ್ ಹಿಂದಕ್ಕೆ ಬರೋದು ನಮ್ಮ ತಲೆಗೆ ಹೊಳೆಯೋದೇ ಇಲ್ಲ. ನಾನ್-ಕಾನ್ಫರೆನ್ಸ್ ವಾರಾಂತ್ಯಗಳಲ್ಲಿ ಇದು ತುಂಬಾ ಸಾಮಾನ್ಯ. ಫೆಬ್ರವರಿ ಹವೆ ಕೆಟ್ಟದು, ಎದುರಾಳಿ ತಂಡ ಭಾನುವಾರ ಸಂಜೆ ವಿಮಾನ ಹಿಡಿಯಬೇಕು, ಇನ್ನೊಂದು ದಿನ ಉಳಿಯೋಕೆ ಆಗಲ್ಲ. ಶುಕ್ರವಾರ ಸಂಜೆ ನಿರ್ಧಾರ ಮಾಡಿ ಶನಿವಾರ ಬೆಳಗ್ಗೆ ಆಡಿಸಿದ್ದೂ ಇದೆ.

ಹಣ ವಾಪಸ್ ಬರಲ್ಲ. ಮ್ಯಾಚ್ ರದ್ದಾಗಿಲ್ಲವಲ್ಲ, ನಡೆದಿದೆ. ಭಾನುವಾರದ ಟಿಕೆಟ್ ಶನಿವಾರದ ಮ್ಯಾಚಿಗೆ ನಡೆಯುತ್ತಿತ್ತು, ನೀವು ಬರಲಿಲ್ಲ, ಅಷ್ಟೇ. ಹಾಗಾದರೆ ನನಗೆ ಯಾಕೆ ತಿಳಿಸಲಿಲ್ಲ? ಕಾಲೇಜಿನವರು ಇಮೇಲ್ ಕಳಿಸಿದ್ದರು. ಹೋಗಿದ್ದು ಆ ಟಿಕೆಟ್ ಮೊದಲು ತಗೊಂಡವರಿಗೆ. ಅವರಿಂದ ಆ್ಯಪ್ ಮೂಲಕ ಕೊಂಡ ನನ್ನ ವಿಳಾಸ ಕಾಲೇಜಿನ ಹತ್ತಿರ ಇರಲೇ ಇಲ್ಲ. ಎಂಟು ಡಾಲರ್ ಉಳಿಸೋಕೆ ಹೋಗಿ ಆ ಸುದ್ದಿಯೇ ನನಗೆ ಮುಟ್ಟದ ಹಾಗೆ ಮಾಡಿಕೊಂಡಿದ್ದೆ.

ಹೋದ ಫೆಬ್ರವರಿಯಲ್ಲಿ ರೌಂಡ್ ರಾಕ್‌ನಲ್ಲಿರುವ ಮೈಸೂರಿನ ಒಂದು ಕುಟುಂಬಕ್ಕೂ ಥೇಟ್ ಇದೇ ಆಯಿತು. ಇಬ್ಬರು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಬೀಗ ನೋಡಿಕೊಂಡು ಬಂದರು. "ಅಣ್ಣಾ, ಕ್ಯಾಲೆಂಡರ್‌ನಲ್ಲಿ ಭಾನುವಾರ ಒಂದು ಗಂಟೆ ಅಂತಾನೇ ಇತ್ತು" ಅಂದರು ಆ ಮನೆಯಾಕೆ. ಜನವರಿಯಲ್ಲಿ ಫೋನಿಗೆ ಇಳಿಸಿಕೊಂಡ ಕ್ಯಾಲೆಂಡರ್ ಅದು, ಮತ್ತೆ ಹೊಸದಾಗಿರಲಿಲ್ಲ.

ದಯವಿಟ್ಟು ಹೀಗೆ ಮಾಡಿ. ಟಿಕೆಟ್ ನೇರವಾಗಿ ಕಾಲೇಜಿನ ಟಿಕೆಟ್ ಆಫೀಸಿನಿಂದಲೇ ತಗೊಳ್ಳಿ, ಎರಡು ಡಾಲರ್ ಜಾಸ್ತಿ ಆದರೂ ಪರವಾಗಿಲ್ಲ. ಗುರುವಾರ ಸಂಜೆ ಹವಾಮಾನ ನೋಡಿ. ಭಾನುವಾರ ಮಳೆ ಅಂತಿದ್ದರೆ ಶನಿವಾರ ಪೂರ್ತಿ ಬಿಡುವು ಇಟ್ಟುಕೊಳ್ಳಿ. ಶುಕ್ರವಾರ ರಾತ್ರಿ ಒಮ್ಮೆ, ಕಾರು ಹತ್ತುವ ಮುಂಚೆ ಒಮ್ಮೆ ತಂಡದ ಎಕ್ಸ್ ಖಾತೆ ಮತ್ತು ಅವರದೇ ವೆಬ್‌ಸೈಟಿನ ವೇಳಾಪಟ್ಟಿ ನೋಡಿ. ಗೂಗಲ್‌ನಲ್ಲಿ ಕಾಣುವ ಸಮಯವನ್ನೇ ನಂಬಿ ಹೊರಡಬೇಡಿ.

ವಯಸ್ಸಾದವರನ್ನು ಕರೆದುಕೊಂಡು ಹೋಗೋದಾದರೆ ಇನ್ನೂ ಒಂದು ದಾರಿ ಇದೆ, ಛಾವಣಿ ಇರುವ ಮೈದಾನದ ಮ್ಯಾಚ್ ಆರಿಸೋದು. ಪಟ್ಟಿಯಲ್ಲಿ ಎದುರಾಳಿ ಹೆಸರಿನ ಮುಂದೆ 'ಆಟ್' ಅಂತಿದ್ದರೆ ಅವರ ಊರು. 'ವರ್ಸಸ್' ಅಂತಿದ್ದರೆ ಎಲ್ಲ ಸಲವೂ ನಮ್ಮ ಮೈದಾನ ಅಂತಲ್ಲ, ಕೆಳಗೆ ಊರಿನ ಹೆಸರು ಓದಿ. ಕೆಲವು ಮ್ಯಾಚ್ ಮೂರನೇ ಊರಿನಲ್ಲಿರುತ್ತವೆ. 2025ರ ಸೀಸನ್ ಅನ್ನು ಟೆಕ್ಸಸ್ ಶುರು ಮಾಡಿದ್ದೇ ಆರ್ಲಿಂಗ್ಟನ್‌ನ ಗ್ಲೋಬ್ ಲೈಫ್ ಫೀಲ್ಡ್‌ನಲ್ಲಿ. ಲೂಯಿವಿಲ್, ಓಲ್ ಮಿಸ್, ಒಕ್ಲಹೋಮ ಸ್ಟೇಟ್ ಎದುರಾಳಿಗಳು. ಓಲ್ ಮಿಸ್ ಕೂಡ ಎಸ್‌ಇಸಿ ತಂಡವೇ, ಆದರೂ ಆ ಮ್ಯಾಚ್ ನಾನ್-ಕಾನ್ಫರೆನ್ಸ್ ಲೆಕ್ಕಕ್ಕೆ. ಆ ಮೈದಾನಕ್ಕೆ ಮುಚ್ಚುವ ಛಾವಣಿ ಇದೆ. ಹ್ಯೂಸ್ಟನ್‌ನ ಡೈಕಿನ್ ಪಾರ್ಕ್‌ಗೂ ಇದೆ. ಮಳೆಯ ಕಾಟವೇ ಇಲ್ಲ, ಚಳಿಯೂ ತಟ್ಟಲ್ಲ. ಪಾರ್ಕಿಂಗ್ ದುಬಾರಿ, ಅದೊಂದು ಬಿಟ್ಟರೆ ಅಪ್ಪ ಅಮ್ಮನ ಜೊತೆ ಹೋಗೋಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಇಷ್ಟೆಲ್ಲ ಮ್ಯಾಚ್ ಗೆದ್ದು ಏನು ಸಿಗುತ್ತದೆ ಅಂತ ಕೇಳುತ್ತಾರೆ. ಮೇ ಕೊನೆಗೆ 64 ತಂಡಗಳು ರಾಷ್ಟ್ರೀಯ ಟೂರ್ನಿಗೆ ಹೋಗುತ್ತವೆ. ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ನೇರ ಪ್ರವೇಶ, ಉಳಿದವರನ್ನು ಒಂದು ಸಮಿತಿ ಆರಿಸುತ್ತದೆ. ವರ್ಷಗಳಿಂದ ಅವರು ನೋಡುತ್ತಾ ಬಂದಿರುವ ಒಂದು ಅಂಕಿ ಆರ್‌ಪಿಐ. ಅದರಲ್ಲಿ ನಿಮ್ಮ ಗೆಲುವಿಗೆ ಕಾಲು ಪಾಲು, ಎದುರಾಳಿಗಳ ಗೆಲುವಿಗೆ ಅರ್ಧ, ಅವರ ಎದುರಾಳಿಗಳ ಗೆಲುವಿಗೆ ಇನ್ನು ಕಾಲು. ನಿಮ್ಮ ಗೆಲುವು ಎಣಿಸುವಾಗ ತವರಿನ ಗೆಲುವು 0.7, ಹೊರಗಿನ ಗೆಲುವು 1.3. ಅಂದರೆ ತೀರಾ ದುರ್ಬಲ ತಂಡವನ್ನು ಮನೆಗೆ ಕರೆದು 15 ರನ್‌ನಲ್ಲಿ ಬಡಿದರೂ ಅಂಕಿ ಇಳಿಯಬಹುದು.

ಈ ವಿಷಯದಲ್ಲಿ ನನಗೆ ನಮ್ಮ ರಣಜಿಯೇ ಇಷ್ಟ. ಪೂರ್ತಿ ಗೆದ್ದರೆ 6 ಪಾಯಿಂಟ್, ಎದುರಾಳಿ ಮುಂಬೈ ಆಗಲಿ ಬೇರೆ ಯಾರೇ ಆಗಲಿ. ಪಟ್ಟಿ ನೋಡಿದರೆ ಎಲ್ಲ ಗೊತ್ತಾಗುತ್ತದೆ, ಸಮಿತಿ ಕೂತು ಹೇಳಬೇಕಿಲ್ಲ. ಆದರೆ ಒಂದು ಮಾತು ಒಪ್ಪಲೇಬೇಕು. 64 ತಂಡಗಳಿಗೆ ಬಾಗಿಲು ತೆರೆದಿಡುವ ಈ ಪದ್ಧತಿಯಲ್ಲಿ ಸಣ್ಣವರಿಗೂ ಜಾಗ ಇದೆ. 2008ರಲ್ಲಿ ಫ್ರೆಸ್ನೋ ಸ್ಟೇಟ್ ತನ್ನ ರೀಜನಲ್‌ನಲ್ಲಿ ಕೊನೆಯ ಶ್ರೇಯಾಂಕದಿಂದ ಬಂದು, ರಾಷ್ಟ್ರೀಯ ಟೂರ್ನಿಯ ಕೊನೆಯ ಹಂತ ನಡೆಯುವ ಒಮಾಹಾದಲ್ಲಿ ಕಪ್ ಎತ್ತಿತು.

ಕೊನೆಗೆ ಗೇಟಿನ ವಿಷಯ. ಡಿಷ್-ಫಾಕ್ ಸೇರಿ ಬಹುತೇಕ ಕಡೆ ಪಾರದರ್ಶಕ ಚೀಲ ಮಾತ್ರ ಒಳಗೆ ಬಿಡುತ್ತಾರೆ. ಚಿತ್ರಾನ್ನದ ಡಬ್ಬಿ ಕಾರಿನಲ್ಲೇ ಇರಲಿ, ಮ್ಯಾಚ್ ಮುಗಿದ ಮೇಲೆ ಪಾರ್ಕಿಂಗ್‌ನಲ್ಲೇ ತಿನ್ನಬಹುದು. ಫೆಬ್ರವರಿ ರಾತ್ರಿಗೆ ಒಬ್ಬೊಬ್ಬರಿಗೂ ಒಂದೊಂದು ಕಂಬಳಿ ತಗೊಂಡು ಹೋಗಿ. ಸೀಟು ಅಲ್ಯುಮಿನಿಯಂ ಆಗಿದ್ದರೆ ಏಳನೇ ಇನಿಂಗ್ಸ್ ಹೊತ್ತಿಗೆ ಮಂಜುಗಡ್ಡೆ ಮೇಲೆ ಕೂತ ಹಾಗಾಗುತ್ತದೆ.